ಜಗಳಕ್ಕೆ ಹೊತ್ತು ಗೊತ್ತು ಮಾಡಿದ ಕಾಕಾ

ಮಕ್ಕಳು ಜಗಳಾಡಬಾರದು ಎನ್ನುವ ಹಿರಿಯರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಜಗಳ ಆಡಲೇಬೇಕು, ಆದರೆ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ ಆಡಿ ಮುಗಿಸಬೇಕು ಎಂದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಅವನ ಕೈಯಲ್ಲೇ ಬೆಳೆದಿದ್ದೇನೆ. ಅವನು ನಮ್ಮ ಕಾಕಾ, ಅಪ್ಪನ ತಮ್ಮ!

ಹಳೇ ಹುಬ್ಬಳ್ಳಿಯಲ್ಲಿ ಎರಡು ಎಮ್ಮೆ ಎದುರುಬದುರು ಬಂದರೆ ಒಂದು ಹಿಂದಕ್ಕೆ ನಡೆಯಬೇಕು, ಅಂಥ ಓಣಿಯಲ್ಲಿ ಅವನ ಮನೆ. ಮನೆಯೇ ಅಂಗಡಿ. ಪಡಸಾಲೆಯಲ್ಲಿ ಒಂದು ಕಾಲುಮಷಿನ್ನು, ಅದರ ಹಿಂದೆ ಕಾಕಾ. ಹೊಲಿಯುವುದು ಜುಬ್ಬಾ, ಅಂಗಿ. ಮದುವೆ ಆಗಿಲ್ಲ, ಆಗುವ ವಿಚಾರವೂ ಇಲ್ಲ. ಒಂದೇ ಮಳೆಗಾಲದಲ್ಲಿ ನಮ್ಮ ಅಪ್ಪ, ಅವ್ವ ಇಬ್ಬರೂ ಜ್ವರದಿಂದ ಹೋದರು. ನಾವು ಐದು ಮಂದಿ ಅವನ ಹೊಸ್ತಿಲಿಗೆ ಬಂದೆವು. ನನಗೆ ಹನ್ನೆರಡು, ತಂಗಿ ಗಂಗಾಳಿಗೆ ಒಂಬತ್ತು, ಬಸೂನಿಗೆ ಏಳು, ನೀಲಿಗೆ ಐದು, ಚನ್ನನಿಗೆ ಮೂರು. ಅಲ್ಲಿಯವರೆಗೆ ಕಾಕಾ ಮಕ್ಕಳನ್ನು ಮುಟ್ಟಿದ್ದು ಅಂಗಿಯ ಅಳತೆ ತೆಗೆದುಕೊಳ್ಳುವಾಗ ಮಾತ್ರ!

ಸುಳ್ಳ ಎಂಬ ಹಳ್ಳಿಯಲ್ಲಿದ್ದ ನಮ್ಮ ಸೋದರಮಾಮಾ ಅಂದೇ ಹೇಳಿದ್ದ: “ಒಬ್ಬಾಂವ ಐದು ಹುಡುಗರನ್ನ ಹ್ಯಾಂಗ ಸಂಭಾಳಸ್ತಿ ತಮ್ಮಾ? ಸಣ್ಣವು ಎರಡನ್ನ ನಾ ಒಯ್ತೇನಿ.” ಮಾಮಾ ಕೆಟ್ಟವನಲ್ಲ. ಹೊಲ ಇತ್ತು, ಎಮ್ಮೆ ಇದ್ದವು, ಮಕ್ಕಳು ಇರಲಿಲ್ಲ. ಆದರೆ ಕಾಕಾ, “ಒಂದು ವರ್ಷ ನೋಡ್ರಿ ಅಣ್ಣಾರ, ಅಷ್ಟರಾಗ ಗದ್ದಲಾ ಕೇಳಿಬಂತಂದ್ರ ಕರಕೊಂಡು ಹೋಗ್ರಿ” ಎಂದುಬಿಟ್ಟ. ಐದು ಮಕ್ಕಳ ಮನೆಯಲ್ಲಿ ಗದ್ದಲವಿಲ್ಲದೆ ಒಂದು ವರ್ಷ! ತಿಳಿದವರು ಆಡುವ ಮಾತೇ ಇದು?

ಅದಕ್ಕೇ ಹುಟ್ಟಿದ್ದು ಜಗಳದ ಹೊತ್ತು. ಹತ್ತಿ ಗಿರಣಿಯ ಭೋಂಗಾ, ಅಂದರೆ ಸೈರನ್ನು, ಹನ್ನೆರಡಕ್ಕೆ ಊದಿದರೆ ಜಗಳ ಶುರು, ಒಂದಕ್ಕೆ ಊದಿದರೆ ಬಂದ್. ಉಳಿದ ಹೊತ್ತಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಕಾಯ್ದಿಡಬೇಕು. ಕಾಯ್ದಿಟ್ಟ ಸಿಟ್ಟು ಮರೆತುಹೋಗುತ್ತದೆಂಬುದೇ ಕಾಕಾನ ಹಂಚಿಕೆ. ಬಸೂ ಬಿಟ್ಟಾನೆಯೇ? ಒಂದೊಂದು ತಕರಾರಿಗೆ ಒಂದೊಂದರಂತೆ ಉಡದಾರಕ್ಕೆ ಗಂಟು ಹಾಕತೊಡಗಿದ. ನಾನು ಸಾಲೆಯಿಂದ ಊಟಕ್ಕೆ ಬರುವ ಹೊತ್ತೂ ಅದೇ ಆದ್ದರಿಂದ ತಮಾಷೆ ಕಣ್ಣಾರೆ ಕಂಡೆ. ಭೋಂಗಾ ಊದಿತು. ಬಸೂ ಉಡದಾರ ಹಿಡಿದು ನಿಂತ. ಆರು ಗಂಟು! ಆದರೆ ಯಾವ ಗಂಟು ಯಾವ ಜಗಳದ್ದು? ಒಂದೂ ನೆನಪಿಲ್ಲ. ತನ್ನ ಜಗಳಗಳೆಲ್ಲ ಕಳೆದುಹೋದವೆಂದು ಹುಡುಗ ಗೊಳೋ ಎಂದು ಅಳತೊಡಗಿದ. ಕಾಕಾನಿಗೆ ಕನಿಕರ ಬಂತು.

“ಅಳಬ್ಯಾಡೋ. ಗಂಗಾ ನಿನ್ನ ಶೇಂಗಾ ಉಂಡಿ ತಿಂದಾಳಂತ ತಿಳಕೋ.”

“ನಾ ಎಲ್ಲಿ ತಿಂದೇನಿ?” ಎಂದಳು ಗಂಗಾ.

“ಹೌದು, ತಿಂದಿ!” ಎಂದ ಬಸೂ, ಕಣ್ಣೊರೆಸಿಕೊಂಡು.

ಅಂದಿನ ಜಗಳ ಒಂದರ ಭೋಂಗಾ ಊದಿದರೂ ಮುಗಿಯಲಿಲ್ಲ!

ಇನ್ನೊಂದು ಕಾನೂನಿತ್ತು. ಫಿರ್ಯಾದಿ ತಂದವರು ತಮ್ಮ ಪರವಾಗಿ ಮಾತಾಡುವಂತಿಲ್ಲ, ಎದುರಿನವರ ಪರವಾಗಿ ಮಾತಾಡಬೇಕು. ಒಮ್ಮೆ ಒಂದು ಪೇರಲ ಹಣ್ಣಿಗಾಗಿ ಗಂಗಾ, ಬಸೂ ಇಬ್ಬರೂ ಮಷಿನ್ನಿನ ಮುಂದೆ ನಿಂತರು. ಗಂಗಾ ಹೇಳಿದಳು: “ಬಸೂ ಸಣ್ಣಾಂವ, ಹಸದಿದ್ದ, ಅದಕ್ಕ ದೊಡ್ಡ ಹೋಳು ತಿಂದ.” ಬಸೂ ಹೇಳಿದ: “ಅಕ್ಕ ಹಣ್ಣು ತೊಳದಿದ್ಲು, ಹೆಚ್ಚಿದ್ಲು, ಅಕೀಗೆ ಬರೀ ಬೀಜ ಸಿಕ್ಕಾವ.” ಹೇಳುತ್ತ ಹೇಳುತ್ತ ಇಬ್ಬರಿಗೂ ಇನ್ನೊಬ್ಬರ ಮೇಲೆ ಅಯ್ಯೋ ಅನ್ನಿಸಿತು. ಒಳಗೆ ಹೋಗಿ ಪಿಸುಗುಟ್ಟಿ ಬಂದು, ತಪ್ಪು ಕಾಕಾನದೇ, ಐದು ಮಂದಿಗೆ ಒಂದೇ ಪೇರಲ ತಂದವನು ಅವನೇ ಎಂದು ತೀರ್ಪು ಕೊಟ್ಟರು. ಕಾಕಾ ಎದ್ದು ಕಿವಿ ಹಿಡಿದುಕೊಂಡು ನಿಂತ. ಜುಬ್ಬಾ ಒಯ್ಯಲು ಬಂದ ಗಿರಾಕಿಯೊಬ್ಬರು ಇದನ್ನು ಕಂಡು ಬಂದ ದಾರಿಗೆ ಸುಂಕವಿಲ್ಲದಂತೆ ತಿರುಗಿ ಹೋದರು!

ಕಾಕಾ ಗಂಗಾಳಿಗೆ ಜಡೆ ಹಾಕುವುದನ್ನು ನೋಡಲು ಓಣಿಯ ಹೆಂಗಸರು ಕೂಡುತ್ತಿದ್ದರು. ಟೇಪು ಹಿಡಿದು ಅಳೆಯುತ್ತಿದ್ದ. ಎಡಗಡೆಯ ಜಡೆ ಬಲಗಡೆಯದಕ್ಕಿಂತ ಕಾಲಿಂಚು ಉದ್ದವಾದರೆ ಎರಡೂ ಬಿಚ್ಚು!

“ಅಲ್ಲೋ ತಮ್ಮಾ, ಗಂಡಸಾಗಿ ಜಡಿ ಹೆಣಿತೀಯಲ್ಲ, ನಾಚಿಕಿ ಬರೂದಿಲ್ಲೇನ?” ಎಂದಳು ಎದುರುಮನೆಯ ಅಜ್ಜಿ.

“ಗುಂಡೀಕಾಜ ಮಾಡೋ ಕೈ ಐತಿ ಅಜ್ಜೀ, ಜಡಿ ಏನ್ ದೊಡ್ಡದು? ಆದ್ರ ಕಾಜ ಅಳೂದಿಲ್ಲ, ಇದು ಅಳತೈತಿ.”

ವರ್ಷ ತುಂಬಿತು. ದಸರಾ ಮುಗಿಯುತ್ತಲೇ ಮಾಮಾ ಬಂದ. ಗದ್ದಲದ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ, ನಿಜ. ಆದರೆ ಕಾಕಾನ ಬಾಡಿದ ಮುಖ ಕಣ್ಣಿಗೆ ಬಿತ್ತು.

“ಸೊರಗೀ ತಮ್ಮಾ. ನಿನ್ನ ಸಲುವಾಗಿ ಹೇಳತೇನಿ, ನೀಲೀನ, ಚನ್ನನ್ನ ಕಳಸು. ನಾ ಏನ್ ಹೊರಗಿನಾಂವ?”

ಕಾಕಾ ಸೂಜಿಗೆ ದಾರ ಪೋಣಿಸಿದ. ಆಮೇಲೆ ಹೇಳಿದ: “ಬರೀಗೈಲೆ ಹ್ಯಾಂಗ ಕಳಸ್ಲಿರಿ? ನಿಮ್ಮೂರಾಗ ಥಂಡಿ ಭಾಳ. ಹೊದಿಯಾಕ ಒಂದು ಕೌದಿ ಹೊಲಕೊಡ್ತೇನಿ. ಕೌದಿ ಮುಗೀಲಿ, ಒಯ್ಯಿರಿ.”

“ಎಷ್ಟು ದಿನಾ ಆದೀತು?”

“ಸಣ್ಣ ಹೊಲಿಗಿ ನೋಡ್ರಿ. ಯುಗಾದಿ ಆದೀತು.”

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಉಳಿದ ನಾಲ್ವರಿಗೆ ಇದು ಗೊತ್ತಾಗಲಿಲ್ಲ.

ಕೌದಿ ಗೊತ್ತಲ್ಲ, ಹಳೆಯ ಸೀರೆ, ಧೋತರ ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ಚೂರು ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಬೇಕು. ಅವ್ವನ ಸೀರೆಗಳು ಒಂದು ಗಂಟು ಇದ್ದವು. ಕಾಕಾ ಅವನ್ನು ಪಡಸಾಲೆಯ ತುಂಬ ಹಾಸಿದ. ಇಲ್ಲಿಗೆ ಸುಮ್ಮನಿದ್ದಿದ್ದರೆ ಕೌದಿ ಯುಗಾದಿಗೂ ಮುಗಿಯುತ್ತಿರಲಿಲ್ಲ. ಆದರೆ ಮಕ್ಕಳನ್ನು ಸುಮ್ಮನೆ ಕೂರಿಸಿ ಗೊತ್ತೇ ಅವನಿಗೆ! ಬಾಯಿ ಜಾರಿತು.

“ನಾಕು ಬದಿ ಐತಿ. ಒಂದು ಗಂಗಾಂದು, ಒಂದು ಬಸೂಂದು, ಒಂದು ನೀಲೀದು, ಒಂದು ನಂದು. ಚನ್ನ ಸೂಜಿ ಪೋಣಸ್ತಾನ. ಯಾರು ಮೊದಲ ನಡುವಿಗೆ ಮುಟ್ಟತೀರಿ ನೋಡೋಣು!”

ನನ್ನನ್ನು ಸೇರಿಸಲಿಲ್ಲ. “ನೀ ಸೂಜಿ ಮುಟ್ಟಬ್ಯಾಡ. ಏಳನೇ ಇಯತ್ತೇದ ಮುಲ್ಕಿ ಪರೀಕ್ಷಾ ಪಾಸಾಗು. ನಮ್ಮ ಮನ್ಯಾಗ ಕುರ್ಚಿ ಮ್ಯಾಲೆ ಕುಂತು ದುಡಿಯಾಂವ ಒಬ್ಬನರ ಆಗ್ಲಿ” ಎಂದ.

ಆ ನಾಲ್ವರು ಹೊಲಿದರು ನೋಡಿ! ಬೆಳಕು ಹರಿಯುವುದೇ ತಡ, ಸೂಜಿ ಹಿಡಿದು ಕೂತರು. ಗಂಗಾ ನೆಟ್ಟಗೆ ಹೊಲಿದಳು, ಬಸೂ ಸೊಟ್ಟಗೆ ಹೊಲಿದ, ನೀಲಿ ಒಂದು ಸಲ ತಾನು ಉಟ್ಟ ಪರಕಾರವನ್ನೇ ಕೌದಿಗೆ ಸೇರಿಸಿ ಹೊಲಿದು, ಏಳಲಾರದೆ ಕೂಗಿದಳು. ಎರಡು ವಾರದಲ್ಲಿ ಅರ್ಧ ಆಯಿತು. ಯುಗಾದಿ ಇನ್ನೂ ಎಲ್ಲೋ ಇತ್ತು! ಕಾಕಾ ಸೂಜಿ ಮುಚ್ಚಿಟ್ಟ, ಚನ್ನ ಗಿರಾಕಿಗಳ ಬಟ್ಟೆಯಿಂದ ಸೂಜಿ ಕಿತ್ತು ತಂದ. “ಹೊಲಿಗಿ ದೊಡ್ಡವು ಆಗ್ಯಾವ, ಬಿಚ್ರಿ” ಎಂದ ಕಾಕಾ. ಬಿಚ್ಚಿ ಮತ್ತಷ್ಟು ಜೋರಾಗಿ ಹೊಲಿದರು. ಕಡೆಗೆ ಒಂದು ದಿನ ಮಷಿನ್ನು ಬಿಟ್ಟು ಎದ್ದು ನಿಂತು ಸಾರಿದ:

“ಇವತ್ತಿಂದ ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ಬೇಕಾದ್ರ ಆವಾಗ ಜಗಳಾ ಆಡ್ರಿ!”

ಬಸೂ ತಲೆ ಎತ್ತದೆ ಹೇಳಿದ: “ಈಗ ಪುರಸತ್ತಿಲ್ಲ ಕಾಕಾ.”

ಉಳಿದದ್ದು ಕಾಕಾನ ಬದಿ ಒಂದೇ. ಅವನು ದಿನಕ್ಕೆ ನಾಲ್ಕು ಹೊಲಿಗೆ ಹಾಕಿ ಬೆನ್ನು ನೋವೆಂದು ಏಳುತ್ತಿದ್ದ. ಒಂದು ಮುಂಜಾನೆ ಹೊಲಿದ ಬಟ್ಟೆ ಮುಟ್ಟಿಸಲು ಪೇಟೆಗೆ ಹೋದ. ತಿರುಗಿ ಬರುವಷ್ಟರಲ್ಲಿ ನಾಲ್ವರೂ ಕೈಕಟ್ಟಿ ನಿಂತಿದ್ದರು. ಮುಖದಲ್ಲಿ ಎಂಥ ಸಂತೋಷ!

“ಕಾಕಾ, ನಿನ್ನ ಬೆನ್ನು ನೋಯತೈತಲಾ ಪಾಪ, ನಿನ್ನ ಬದೀನೂ ನಾವ ಮುಗಿಸೇವಿ!”

ಕಾಕಾ ಕೌದಿಯನ್ನು ಮುಟ್ಟಿ ನೋಡಿದ. “ಶಾಬಾಸ್” ಎಂದ. ಇನ್ನೇನು ಅಂದಾನು?

ಎಳ್ಳಮಾವಾಸ್ಯೆಯ ಬುತ್ತಿ ಹೊತ್ತು ಮಾಮಾ ಬಂದ. ಕೌದಿ ಮಡಚಿ ಗೂಡಿನಲ್ಲಿತ್ತು. ಬಿಚ್ಚಿ ನೋಡಿ ಮೆಚ್ಚಿದ. “ಭಾಳ ಛಲೋ ಆಗೇತಿ. ಹಂಗಾರ ನೀಲೀ, ಚನ್ನಾ, ನಡೀರಿ ಸುಳ್ಳಕ್ಕ. ಎಮ್ಮಿ ಕರಾ ಹಾಕೇತಿ.”

“ಎಲ್ಲಾರೂ ಹೋಗೂದಾ?” ಎಂದು ಕೇಳಿದಳು ನೀಲಿ.

“ನೀವಿಬ್ಬರ. ಅದಕ್ಕಲಾ ನಿಮ್ಮ ಕಾಕಾ ಕೌದಿ ಹೊಲಿಸಿದ್ದು?”

ಗಂಗಾ ಮೆಲ್ಲಗೆ ಹೋಗಿ ಕೌದಿಯ ಒಂದು ಮೂಲೆ ಹಿಡಿದು ಕೂತಳು, ದಾರ ಎಳೆಯತೊಡಗಿದಳು. ಬಸೂ ಇನ್ನೊಂದು ಮೂಲೆಗೆ ಕೂತ. ನೀಲಿ ಹಲ್ಲಿನಿಂದ ದಾರ ಕಚ್ಚಿದಳು.

“ಏನ್ ಮಾಡಾಕತ್ತೀರಿ?” ಎಂದ ಮಾಮಾ.

“ಹೊಲಿಗಿ ದೊಡ್ಡವು ಆಗ್ಯಾವ ಮಾಮಾ. ಬಿಚ್ಚಿ ಹೊಲೀಬೇಕು” ಎಂದಳು ಗಂಗಾ.

ಮಾಮಾ ನೆಲಕ್ಕೆ ಕೂತ. “ನಾ ಏನ್ ಹುಲಿ ಏನ್ರೋ? ಒಬ್ಬಾಂವ ಎಷ್ಟಂತ ತುಳೀತಾನ ಮಷಿನ್ನಾ? ಇನ್ನೊಂದು ದುಡಿಯೂ ಕೈ ಇದ್ದಿದ್ರ ನಾ ಬಾಯಿ ತಗೀತಿರಲಿಲ್ಲ.”

ನಾನು ಪುಸ್ತಕ ಮುಚ್ಚಿದೆ. “ಐತಿ ಮಾಮಾ. ನಾಳಿಂದ ನಾ ಹತ್ತಿ ಗಿರಣಿಗೆ ಹೋಗ್ತೇನಿ” ಎಂದೆ.

ಇದರಲ್ಲಿ ತ್ಯಾಗ ಗೀಗ ಏನೂ ಇಲ್ಲ. ಹದಿಮೂರು ವರ್ಷದವನಿಗೆ ತೋಚಿದ ಲೆಕ್ಕ ಅಷ್ಟೇ. ಅಂದಿನಿಂದ ಇಂದಿನವರೆಗೆ ನನ್ನ ರಟ್ಟೆಯ ಅನ್ನ ಉಂಡಿದ್ದೇನೆ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಮಾಮಾ ಬುತ್ತಿಯನ್ನು ನಮಗೆಲ್ಲ ಬಡಿಸಿ, ಚನ್ನನ ತಲೆ ಸವರಿ, ಒಬ್ಬನೇ ಹೋದ.

ಕಾಕಾ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಮಷಿನ್ನಿಗೆ ಕೂತು ತುಳಿಯತೊಡಗಿದ. ಎಂದೂ ಇಲ್ಲದಷ್ಟು ಜೋರು. ಮನೆಯ ಜಂತಿಗಳೆಲ್ಲ ಅದುರಿದವು. ಬೇರೆ ಯಾವ ಸಪ್ಪಳವೂ ನಮಗೆ ಕೇಳಿಸಬಾರದು, ಹಾಗೆ ತುಳಿದ. ಚನ್ನ ಮಷಿನ್ನಿನ ಕೆಳಗಿನಿಂದ ನುಸುಳಿ ಆಚೆ ಬದಿಗೆ ಹೋಗಿ ನಿಂತು ನೋಡಿದ.

“ಕಾಕಾ, ಸೂಜಿ ಕೆಳಗ ಅರಿವೀನ ಇಟ್ಟಿಲ್ಲಲಾ!”

“ಹೌದೇನೋ?” ಎಂದ ಕಾಕಾ. ಕಾಲು ಮಾತ್ರ ನಿಲ್ಲಿಸಲಿಲ್ಲ.