ಜೀಪು ಹತ್ತಿದ ಟೊಮೆಟೊ

ಯಾರಾದರೂ ನಮ್ಮನ್ನು ಹೊಗಳಲು ಬಂದರೆ ನನಗೆ ಸಂತೋಷವೇ. ಆದರೆ ಟೊಮೆಟೊ ಗಾಡಿಗೆ ಏರಿಸಿದ ಮೇಲೆ ಮಾತ್ರ ಬರಬಾರದು. ಇದು ತೊಂಬತ್ತರ ದಶಕದ ಮಾತು. ನಮ್ಮೂರಿನಿಂದ ಗುಂಡ್ಲುಪೇಟೆ ಮಂಡಿಗೆ ಟೊಮೆಟೊ ಹೋಗುತ್ತಿದ್ದದ್ದು ನಮ್ಮ ಯಜಮಾನರ ಎತ್ತಿನ ಗಾಡಿಯಲ್ಲೇ. ಹತ್ತು ಗಂಟೆಗೆ ಕೇರಳದ ಲಾರಿ ಹೊರಟುಬಿಡುತ್ತಿತ್ತು. ಅದು ತಪ್ಪಿದರೆ ಕಳಿತ ಎಂಟು ಮಂಕರಿ ಹಣ್ಣನ್ನು ಮನೆಮಂದಿಯೇ ಗೊಜ್ಜು ಮಾಡಿಕೊಂಡು ತಿನ್ನಬೇಕು. ನನ್ನ ಗೊಜ್ಜನ್ನು ಎರಡನೇ ದಿನ ನಮ್ಮ ಎಮ್ಮೆಯೂ ಮೂಸುತ್ತಿರಲಿಲ್ಲ.

ಅವತ್ತು ಎತ್ತು ಕಟ್ಟುವ ಹೊತ್ತಿಗೆ ಸರಿಯಾಗಿ ಒಂದು ಜೀಪು ಕರೀ ಹೊಗೆ ಕಾರುತ್ತ ಬಂದು ನಿಂತಿತು. ಇಳಿದವರು ಒಬ್ಬ ಬಿಳಿ ಸಾಹೇಬ, ಅವನ ಮಾತು ತಿಳಿಸಲು ಚಾಮರಾಜನಗರದ ಮೇಷ್ಟ್ರು. ಶ್ರೀಮಂತ ದೇಶಗಳಲ್ಲಿ ಸಾಮಾನು ಸಾಗಿಸಿ ಸಾಗಿಸಿ ಗಾಳಿಯೇ ಕೆಟ್ಟಿದೆಯಂತೆ. ಬಡವರು ಹೊಗೆಯಿಲ್ಲದೆ ಹೇಗೆ ಸಾಗಿಸುತ್ತಾರೆಂದು ಹೊಗಳಿ ಬರೆದುಕೊಳ್ಳಲು ಬಂದಿದ್ದನಂತೆ.

"ನಿಮ್ಮ ಗಾಡಿ ಎಷ್ಟು ಹೊಗೆ ಬಿಡುತ್ತೆ ಅಂತ ಕೇಳ್ತಿದಾರೆ," ಎಂದರು ಮೇಷ್ಟ್ರು.

"ಎತ್ತು ಬುಡಾಕಿಲ್ಲ ಸಾಮಿ. ಮ್ಯಾಲೆ ಕುಂತಿರೋರು ದಿನಕ್ಕೊಂದು ಕಟ್ಟು ಬೀಡಿ ಬುಡ್ತಾರೆ," ಎಂದೆ.

"ನೀ ಸುಮ್ಕಿರಮ್ಮಿ!" ಯಜಮಾನರು ಗದರಿದರು. ಸಾಹೇಬ ಅದನ್ನೂ ಬರೆದುಕೊಂಡ.

ಎತ್ತು ಏನು ತಿನ್ನುತ್ತದೆ, ಬರುವಾಗ ಗಾಡಿಯಲ್ಲಿ ಏನು ತರುತ್ತೀರಿ, ಪ್ರಶ್ನೆ ಮುಗಿಯಲೇ ಇಲ್ಲ. ಬರುವಾಗ ಊರವರ ಹಿಂಡಿ ಮೂಟೆ, ಉಪ್ಪು, ಒಮ್ಮೆ ಕಾಲು ಉಳುಕಿದ್ದ ಬೀಗರನ್ನೂ ತಂದಿದ್ದೆವು. ಮದುವೆ ದಿನವೂ ನನ್ನ ಜೊತೆ ನಾಲ್ಕು ಮಾತಾಡದ ಯಜಮಾನರು ಕೀಲೆಣ್ಣೆ ಡಬ್ಬಿ ತೆಗೆದು ಸಾಹೇಬನಿಗೆ ಪಾಠಕ್ಕೆ ಕೂತರು. ನಾನು ಮೇಷ್ಟ್ರ ಗಡಿಯಾರ ಇಣುಕಿದೆ. ಒಂಬತ್ತೂವರೆ!

"ಎತ್ತು ಆರ್ಕೊಂಡೋದ್ರೂ ಇನ್ನು ಲಾರಿ ಸಿಕ್ಕಾಕಿಲ್ಲ ಕಣ ಸಾಮಿ! ಒಗಳಿದ್ದು ಸಾಕು, ಮಂಕರಿಯ ಜೀಪಿಗೆ ಏರ್ಸಿ!"

ಮೇಷ್ಟ್ರು ಇಂಗ್ಲಿಷಿನಲ್ಲಿ ಏನು ಹೇಳಿದರೋ, ಸಾಹೇಬ ತೋಳು ಮಡಚಿ ತಾನೇ ಮಂಕರಿ ಎತ್ತಿದ. ಮುಂದಿನ ಸೀಟಿನಲ್ಲಿ ಜೀಪಿನ ಡ್ರೈವರ್ ಪಕ್ಕ ನಾನು, ಹಿಂದೆ ಟೊಮೆಟೊ ನಡುವೆ ಸಾಹೇಬ, ಮೇಷ್ಟ್ರು. ಯಜಮಾನರು ಎತ್ತಿನ ಜೊತೆ ಅಲ್ಲೇ ಉಳಿದರು. ಲಾರಿಗೆ ಹಗ್ಗ ಬಿಗಿಯುವಾಗ ಹೋಗಿ ಮುಟ್ಟಿದೆವು.

"ಏನು ಚೇಚಿ, ಜೀಪು ವಾಂಗಿದ್ರಾ?" ಜೀಪು ಕೊಂಡುಕೊಂಡಿರಾ ಅಕ್ಕ ಎಂದು ಕೇರಳದ ಲಾರಿ ಡ್ರೈವರ್ ತನ್ನ ಬೆರಕೆ ಮಾತಿನಲ್ಲಿ ಕೇಳಿ ನಕ್ಕ. ಹಣ್ಣು ಏರಿತು. ಉಸಿರು ಬಂತು.

ಆಗ ಮೇಷ್ಟ್ರು ಸಪ್ಪಗೆ ಸಾಹೇಬನ ಪುಸ್ತಕ ತೆರೆದರು. "ಇವತ್ತು ಟೊಮೆಟೊ ಯಾವುದರಲ್ಲಿ ಬಂತು ಅಂತ ಬರೀಬೇಕಲ್ಲಮ್ಮ."

ಸಾಹೇಬನ ಮುಖ ನೋಡಿದೆ. ಪಾಪ, ನಮ್ಮ ಗಾಡಿ ನೋಡಲು ಅಷ್ಟು ದೂರದಿಂದ ವಿಮಾನದಲ್ಲಿ ಬಂದಿದ್ದಾನೆ. "ಎತ್ತಿನ ಗಾಡೀಲೇ ಬತ್ತು ಅಂತ ಬರ್ಕಳಿ," ಎಂದೆ. ಮೇಷ್ಟ್ರು ಬರೆದುಕೊಂಡರು.

ವಾಪಸು ಬರುವಾಗ ಎದುರಿಗೆ ಯಜಮಾನರು ಸಿಕ್ಕರು. ನನ್ನನ್ನು ಕರೆತರಲು ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಜೀಪು ನಿಲ್ಲಿಸಿ ಎನ್ನಬೇಕಿತ್ತು. ಸೀಟು ಬಲು ಮೆತ್ತಗಿತ್ತು. ಸೆರಗನ್ನು ಮುಖಕ್ಕೆ ಎಳೆದುಕೊಂಡೆ.