ಅಂಗಡಿ ಬಾಗಿಲ ಬಿಸಿಲಲ್ಲಿ ಆರಿಸಿದ ಬಣ್ಣ

ನನ್ನ ಸೀರೆ ಅಂಗಡಿಯ ವೆಬ್‌ಸೈಟಿಗೆ ಒಂಬತ್ತು ಸಾವಿರ ಆಯಿತು. ಅದನ್ನು ಮಾಡಿಕೊಟ್ಟ ಕವಿತಾ ಕೇಳಿದ್ದು ಹದಿನೈದು. ವೇದಸಂದೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನ ಮಗಳು ಅವಳು. ನೆಂಟಸ್ತಿಕೆಗೆಂದು ಮೂರು ಇಳಿಸಿದೆ, ಮಧ್ಯಾಹ್ನದ ಊಟ ಹಾಕಿದ್ದಕ್ಕೆ ಒಂದು. ಉಳಿದ ಎರಡನ್ನು, ಈ ಮನುಷ್ಯ ಬಾಯಿ ಮುಚ್ಚಿದರೆ ಸಾಕೆಂದು ಅವಳೇ ಬಿಟ್ಟಳು. ಆಂಡಿಪಟ್ಟಿಯ ಬೀದಿಗಳಲ್ಲಿ ಸೈಕಲ್ ಮೇಲೆ ಸೀರೆ ಮಾರಿಕೊಂಡು ಬಂದು ತೇನಿಯಲ್ಲಿ ಅಂಗಡಿ ಹಾಕಿದವನು ನಾನು. ಚೌಕಾಸಿ ಮಾಡದೆ ತಂದದ್ದು ನನ್ನ ಮೈಗೆ ಹತ್ತುವುದಿಲ್ಲ.

"ಮಾಮಾ, ಬಣ್ಣ ಯಾವುದು ಹಾಕಲಿ?" ಎಂದಳು. ಸೀರೆ ಅಂಗಡಿಯವನನ್ನು ಕೇಳುವ ಪ್ರಶ್ನೆಯೇ ಇದು? ಕಪಾಟಿನಿಂದ ಒಂದು ಅರಗಿನ ಕೆಂಪು ಸೀರೆ ಎಳೆದು, "ಇದರ ಹಾಗೇ ಇರಬೇಕು, ಒಂದು ಕೂದಲೂ ಆಚೀಚೆ ಆಗಬಾರದು" ಎಂದೆ. ಅವಳು ಫೋನಿನಲ್ಲಿ ಮಾಡಿ ತೋರಿಸಿದಳು. ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿ ಉಂಟು: ಸೀರೆಯ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನಂಬಬಾರದು, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯಬೇಕು. ಹಿಡಿದೆ. ಫೋನಿನಲ್ಲಿ ಕಾಣಿಸಿದ್ದು ನನ್ನದೇ ಮುಖ, ಅದರ ಹಿಂದೆ ಎಲ್ಲೋ ಒಂದಿಷ್ಟು ಕೆಂಪು.

"ಮಂಕಾಗಿದೆಯಲ್ಲಮ್ಮಾ, ಇನ್ನೂ ಏರಿಸು!"

ಏರಿಸಿದಳು. ಮತ್ತೆ ಬಿಸಿಲು, ಮತ್ತೆ ಮಂಕು. ಒಳಗೆ ನೆರಳಲ್ಲಿ ಕೂತ ಅವಳು ಕಣ್ಣುಜ್ಜಿಕೊಂಡು, "ಪೋದುಂ ಮಾಮಾ, ಸಾಕು!" ಎಂದು ಗೋಗರೆದಳು. "ಎಲ್ಲಿ ಪೋದುಂ? ನಾನು ಹೇಳುವವರೆಗೂ ಸಾಲದು" ಎಂದೆ.

ಅದೇ ವಾರ ತೇವಾರಂನಿಂದ ಒಂದು ಮದುವೆ ಮನೆಯವರು ಫೋನ್ ಮಾಡಿದರು. ನೆಂಟರಿಗೆಲ್ಲ ಉಡುಗೊರೆಗೆ ಸೀರೆ ಬೇಕಂತೆ. ವೆಬ್‌ಸೈಟ್ ನೋಡಿ, ನಮ್ಮಲ್ಲೋ ದಿಂಡಿಗಲ್ಲಿನಲ್ಲೋ ಎಂದು ತೀರ್ಮಾನಿಸುತ್ತಾರಂತೆ. ಅಷ್ಟು ದೊಡ್ಡ ವ್ಯಾಪಾರ ನನ್ನ ಅಂಗಡಿ ಕಂಡಿರಲಿಲ್ಲ. ಸಂಜೆ ಮದುವಣಗಿತ್ತಿಯ ತಾಯಿಯೇ ಮಾತಾಡಿದರು.

"ಅಣ್ಣಾ, ನೀವು ಮಾರೋದು ಸೀರೆ ತಾನೇ? ಟಿವಿಯಲ್ಲಿ ಹಾಕಿ ನೋಡಿದ್ವಿ. ನಮ್ಮತ್ತೆ ಮೆಣಸಿನಪುಡಿ ಕಿಲೋ ಎಷ್ಟು ಕೇಳು ಅಂತಾರೆ."

ಹಿಂದೆ ಮನೆಮಂದಿಯೆಲ್ಲ ನಗುವುದು ಕೇಳಿಸಿತು. ಎರಡು ದಿನ ಟೈಮು ಬೇಡಿದೆ. ನನ್ನ ಹೆಂಡತಿ ಚೆಲ್ಲಮ್ಮ ನನ್ನೊಡನೆ ಮಾತಾಡದೆ ಕವಿತಾಳೊಡನೆ ಮಾತಾಡಿದಳು, ನನಗೆ ಕೇಳಿಸುವ ಹಾಗೆ.

"ಅಂಗಡಿಗೆ ಬಂದವರಿಗೆಲ್ಲ 'ಒಡಲು ತಣ್ಣಗಿರಲಿ ತಾಯೀ, ಅಂಚು ಮಾತಾಡಲಿ' ಅಂತ ಪುರಾಣ ಹೇಳೋದು ನಿಮ್ಮ ಮಾಮನೇ ಕಣೇ. ಸ್ವಂತಕ್ಕೆ ಮಾತ್ರ ಒಡಲೂ ಕೆಂಪು, ಅಂಚೂ ಕೆಂಪು, ಕಣ್ಣೂ ಕೆಂಪು."

ಕವಿತಾ ಎದ್ದು ತನ್ನತ್ತೆ ಉಟ್ಟಿದ್ದ ಹಳೇ ನೂಲಿನ ಸೀರೆಯ ಫೋಟೋ ತೆಗೆದಳು. ಒಗೆದು ಒಗೆದು, ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದ ಒಡಲು ಪುಟಕ್ಕೆಲ್ಲ ಹರಡಿತು. ಅರಗಿನ ಕೆಂಪು ಮೇಲೂ ಕೆಳಗೂ ಅಂಚಾಯಿತು. ಸೆರಗಿನ ಸಾಸಿವೆ ಹೂವಿನ ಹಳದಿ, 'ಕೊಳ್ಳಿ' ಎಂಬ ಗುಂಡಿಗೆ ಮಾತ್ರ. ನೆರಳಲ್ಲೇ ನೋಡಿದೆ. ಎರಡು ಸಾವಿರ ಬಿಟ್ಟು ಕವಿತಾ ಬಯಸಿದ್ದು ಕೊನೆಗೂ ಈಡೇರಿತು: ನನ್ನ ಬಾಯಿ ಮುಚ್ಚಿತು.

ಮದುವೆ ಮನೆಯವರು ಕಾರು ಮಾಡಿಕೊಂಡೇ ಬಂದರು. ಕಪಾಟು ಖಾಲಿಯಾಗುವಷ್ಟು ಸೀರೆ ಬಿಚ್ಚಿದೆ. ಆ ತಾಯಿ ಒಂದನ್ನೂ ಮುಟ್ಟದೆ ಫೋನ್ ತೋರಿಸಿದರು: "ಈ ಹಿಂದುಗಡೆ ಬಣ್ಣ ಇದೆಯಲ್ಲಣ್ಣಾ, ಇದೇ ಬೇಕು."

ಏಳು ವರ್ಷ ಒಗೆದರೆ ಸಿಗುತ್ತದೆ ಎನ್ನಲಾದೀತೇ? ಚೆಲ್ಲಮ್ಮನಿಗೆ ಬೇರೆ ಸೀರೆ ಉಡಿಸಿ, ಅವಳದ್ದನ್ನು ಸುತ್ತಿಕೊಂಡು ಚಿನ್ನಾಳಪಟ್ಟಿಯ ಬಣ್ಣದವರ ಹತ್ತಿರ ಓಡಿದೆ. ಹೊಸ ಸೀರೆಗೆ ಹಳತಿನ ಬಣ್ಣ ಬರಿಸಲು ಅವರು ಕೇಳಿದಷ್ಟು ಕೊಟ್ಟೆ. ಆರ್ಡರು ಉಳಿಯಿತು.

ನೀವೂ ವೆಬ್‌ಸೈಟ್ ಮಾಡಿಸುವವರಾದರೆ ಕೇಳಿ. ಬಟ್ಟೆಯನ್ನು ಬಿಸಿಲಲ್ಲಿ ನೋಡಿ, ಫೋನನ್ನು ನೆರಳಲ್ಲಿ ನೋಡಿ. ಕಪಾಟಿನಲ್ಲಿಲ್ಲದ ಬಣ್ಣವನ್ನು ಪುಟದಲ್ಲಿ ಹಾಕಬೇಡಿ. ಹೆಂಡತಿಯ ಸೀರೆಯಿಂದ ಬಣ್ಣ ತೆಗೆಯುವುದಾದರೆ ಮೊದಲೇ ಮಾತಾಡಿಕೊಳ್ಳಿ. ತೆಗೆದ ಮೇಲೆ ಚೌಕಾಸಿಗೆ ಕೂರಬೇಡಿ. ನಾನು ಕೂತೆ. ಚೆಲ್ಲಮ್ಮ ಒಂದು ರೇಷ್ಮೆ ಸೀರೆ ಕೇಳಿದ್ದಳು, ಎರಡು ಕೊಡಲು ಒಪ್ಪಿ ಎದ್ದೆ.