ಮುಂಗುಸಿಯನ್ನು ಕೂಗಿ ಕರೆದ ಪ್ರತಾಪ

ಮುಂಗುಸಿಯ ಮೆದುಳು ಎಷ್ಟಿದ್ದೀತು? ಹೆಚ್ಚೆಂದರೆ ಒಂದು ಗೇರುಬೀಜದಷ್ಟು. ನನ್ನದಾದರೋ ಎಸ್ಸೆಸ್ಸೆಲ್ಸಿ ಪಾಸಾದ ಮೆದುಳು. ಎರಡನೆಯ ಸಲಕ್ಕೆ ಪಾಸಾದದ್ದು ನಿಜ, ಆದರೂ ಪಾಸು ಪಾಸೇ. ಇವೆರಡರ ನಡುವೆ ಯುದ್ಧವಾದರೆ ಗೆಲ್ಲುವವರು ಯಾರು ಎಂಬುದರಲ್ಲಿ ಆ ಶುಕ್ರವಾರ ಮಧ್ಯಾಹ್ನದವರೆಗೂ ನನಗೆ ಸಂಶಯವೇ ಇರಲಿಲ್ಲ.

ನಾನು ಬಹರೈನಿನ ಟುಬ್ಲಿಯ ಒಂದು ಗ್ಯಾರೇಜಿನಲ್ಲಿ ಮೂವತ್ತು ವರ್ಷದಿಂದ ಡೆಂಟರ್. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ ಮುಖ ಸರಿ ಮಾಡುವವನು. ನಾನೂ ಹೆಂಡತಿ ಗಿರಿಜೆಯೂ ಇರುವುದು ಗ್ಯಾರೇಜಿನ ಹಿಂದಿನ ಬೀದಿಯಲ್ಲಿ, ಉಮ್ ಯೂಸುಫ್ ಎಂಬ ಅರಬಿ ಅಜ್ಜಿಯ ಹಿತ್ತಿಲಿನ ಎರಡು ಕೋಣೆಗಳಲ್ಲಿ. ಹಿತ್ತಿಲಲ್ಲಿ ನಾಲ್ಕು ಖರ್ಜೂರದ ಮರ, ಒಂದು ನೀರಿನ ಟ್ಯಾಂಕು, ಒಂದು ಕೋಳಿಗೂಡು. ಗೂಡಿನಲ್ಲಿ ಗಿರಿಜೆಯ ಕೆಂಪು ಹೇಂಟೆ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಈದ್ ಹಬ್ಬಕ್ಕೆ ನಿಮ್ಮ ಮೂವರು ಮೊಮ್ಮಕ್ಕಳಿಗೂ ಒಂದೊಂದು ಮರಿ ಎಂದು ಗಿರಿಜೆ ಅಜ್ಜಿಗೆ ಮಾತು ಕೊಟ್ಟಿದ್ದಳು. ಮಕ್ಕಳು ಶಾಲೆಯಿಂದ ಬಂದವರೇ ಗೂಡಿನ ಬಲೆಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳಾದ ನೂರಾ ಹುಟ್ಟದ ತನ್ನ ಮರಿಗೆ ಆಗಲೇ ಹೆಸರಿಟ್ಟಿದ್ದಳು. ಶಕರ್, ಅಂದರೆ ಸಕ್ಕರೆ.

ಹೇಂಟೆ ಕಾವಿಗೆ ಕೂತ ಹದಿಮೂರನೆಯ ದಿನ ಟ್ಯಾಂಕಿನ ಹಿಂದೆ ಮುಂಗುಸಿ ಕಾಣಿಸಿತು. ಬಹರೈನಿನಲ್ಲಿ ಮುಂಗುಸಿಯೇ ಎಂದು ಹುಬ್ಬೇರಿಸಬೇಡಿ. ಅದೂ ನಮ್ಮ ಹಾಗೆ ಇಂಡಿಯಾದಿಂದ ಬಂದದ್ದಂತೆ. ವೀಸಾ ನವೀಕರಿಸುವ ತಲೆಬಿಸಿ ಅದಕ್ಕಿಲ್ಲ, ಅಷ್ಟೇ ವ್ಯತ್ಯಾಸ.

"ಗೂಡಿನ ಬಾಗಿಲಿಗೆ ಒಂದು ಕೊಂಡಿ ಹಾಕಿ ಕೊಡಿ ಮಾರಾಯ್ರೇ" ಎಂದಳು ಗಿರಿಜೆ. "ಎಷ್ಟು ದಿನದಿಂದ ಹೇಳ್ತಾ ಇದ್ದೇನೆ. ಬರೀ ಹಗ್ಗದಲ್ಲಿ ಕಟ್ಟಿದ್ದು."

"ಕೊಂಡಿ ಎಂತಕ್ಕೆ? ಮುಂಗುಸಿಯನ್ನೇ ಹಿಡಿದು ಕೊಡ್ತೇನೆ."

"ಯಾರು, ನೀವಾ?"

ಆ "ನೀವಾ" ನನ್ನ ಎದೆಗೆ ನಾಟಿತು. ಕಾರಿನ ಬಾಗಿಲು ಕೂರಿಸುವ ಕೈ ಕೋಳಿಗೂಡಿನ ಬಾಗಿಲಿಗೆ ಇಳಿಯುವುದು ದರ್ಜೆಗೆ ಕಡಿಮೆ ಎಂಬ ಭಾವನೆಯೂ ಇತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಗ್ಯಾರೇಜಿನಲ್ಲಿ ಊಟದ ಹೊತ್ತಿಗೆ ಮೂವತ್ತು ವರ್ಷ ನಾನು ಒಂದು ಕತೆ ಹೇಳಿದ್ದೇನೆ. ಊರಿನ ಗುಡ್ಡದಲ್ಲಿ ಪೊದೆಯ ಹಿಂದೆ ಅಡಗಿ, ಗಾಯವಾದ ಮೊಲದ ಹಾಗೆ ನಾನು ಅತ್ತಾಗ ನರಿ ನನ್ನ ಮಡಿಲ ತನಕ ಬಂದ ಕತೆ. ನರಿ ಬಂದದ್ದು ಸತ್ಯ. ಆದರೆ ಅತ್ತವರು ನನ್ನ ಸೋದರಮಾವ. ನಾನು ಗೇರುಮರದ ಮೇಲಿದ್ದೆ. ನರಿ ಮರ ಹತ್ತುವುದಿಲ್ಲ ಎಂದು ಮಾವ ಹೇಳಿದ್ದರು.

ಮೊದಲು ಬೋನು ಇಟ್ಟೆ. ಒಳಗೆ ಒಣಮೀನು. ಮುಂಗುಸಿ ಬಂತು, ಬೋನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿತು, ನನ್ನನ್ನು ನೋಡಿತು, ಹೋಯಿತು. ಬೋನಿಗೆ ಬಿದ್ದದ್ದು ಅಜ್ಜಿಯ ಬಿಳಿ ಬೆಕ್ಕು. ಬಿಡಿಸಲು ಹೋದಾಗ ಅದು ಬರೆದ ಮೂರು ಗೆರೆಗಳು ನನ್ನ ಮೊಣಕೈಯಲ್ಲಿ ಇವತ್ತಿಗೂ ಉಂಟು.

ಆಗ ನಿರ್ಧರಿಸಿದೆ, ಇನ್ನು ಮಾವನ ವಿದ್ಯೆಯೇ ಸರಿ. ಗಿಡುಗ ಎತ್ತಿಕೊಂಡು ಹೋಗುವಾಗ ಕೋಳಿಮರಿ ಪ್ರಾಣಭಯದಲ್ಲಿ ಚೀಂಯ್ ಚೀಂಯ್ ಎನ್ನುತ್ತದಲ್ಲ, ಆ ಕೂಗು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಶುರು ಮಾಡಿದೆ.

"ಒಳಗೆ ಎಂತ ಆಯ್ತು? ಬಿದ್ರಾ?" ಗಿರಿಜೆ ಬಾಗಿಲು ಬಡಿದಳು.

ಮರುದಿನ ಖರ್ಜೂರದ ಮರದಡಿ ಕೂತು ಕೂಗಿದಾಗ ಮುಂಗುಸಿ ಬರಲಿಲ್ಲ. ಬೀದಿಯ ಏಳು ಬೆಕ್ಕುಗಳು ಬಂದವು. ಊಟ ತಲುಪಿಸುವ ಹುಡುಗನೊಬ್ಬ ಬೈಕ್ ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿ, "ಚಾಚಾ, ತಬಿಯತ್ ಠೀಕ್ ಹೈ?" ಎಂದು ನನ್ನ ಆರೋಗ್ಯ ವಿಚಾರಿಸಿದ.

ನನಗೆ ಹೊಳೆಯಿತು. ಕೂಗಿನಲ್ಲಿ ದೋಷವಿಲ್ಲ, ಅಡಗುವುದರಲ್ಲಿ ದೋಷ! ಗ್ಯಾರೇಜಿನ ಗುಜರಿಯಿಂದ ಒಂದು ಹಳೆಯ ಬಾನೆಟ್ ಹೊತ್ತು ತಂದೆ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆ, ಇಡೀ ಟುಬ್ಲಿ ನಿದ್ದೆಯಲ್ಲಿ. ಗಿರಿಜೆ ಅಜ್ಜಿಯ ಮನೆಯೊಳಗೆ ಹೋಗಿದ್ದಳು. ನಾನು ಬಾನೆಟ್ ಕವುಚಿಕೊಂಡು ಅದರಡಿ ಕುಕ್ಕರುಗಾಲಲ್ಲಿ ಕೂತೆ. ನಮ್ಮ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಯಾಕೂಬ್, ಉಪ್ಪಿನಂಗಡಿ ಕಡೆಯ ಬ್ಯಾರಿ, ಎರವಲು ತಂದ ಮೀನುಬಲೆ ಹಿಡಿದು ಮರದ ಹಿಂದೆ ನಿಂತ.

"ಶೀನಣ್ಣ, ಒಳಗೆ ಬಿಸಿ ಉಂಟಾ?"

"ಮಾತಾಡಬೇಡ. ಬೇಟೆ."

ಬಹರೈನಿನ ಬಿಸಿಲಿನಲ್ಲಿ ಬಾನೆಟ್ ಅಡಿ ಕೂರುವವನು ಒಂದೋ ಬೇಟೆಗಾರ, ಇಲ್ಲವೇ ದೋಸೆ. ಬೆನ್ನು ಸುಡುತ್ತಿತ್ತು. ಆ ಉರಿಯಿಂದಲೋ ಏನೋ ನನ್ನ ಕೂಗಿಗೆ ಅಂದು ನಿಜವಾದ ಪ್ರಾಣಭಯ ಬಂದಿತ್ತು. ನನ್ನ ಕಿವಿಗೇ ಕರುಣೆ ಉಕ್ಕುವಂತೆ ಕೂಗಿದೆ. ಎರಡನೆಯ ಕೂಗಿಗೆ ಎಲ್ಲೋ ಏನೋ ಪಟ್ಟೆಂದು ಹರಿಯಿತು. ಮಣ್ಣಿನ ಮೇಲೆ ದಡದಡ ಕಾಲಸಪ್ಪಳ. ನೇರ ನನ್ನ ಕಡೆಗೇ! ಮೂವತ್ತು ವರ್ಷದ ಸುಳ್ಳು ಇನ್ನು ಒಂದೇ ನಿಮಿಷದಲ್ಲಿ ಸತ್ಯವಾಗಲಿಕ್ಕಿತ್ತು.

"ಹಾಕು ಯಾಕೂಬ್, ಹಾಕು!"

ಯಾಕೂಬ್ ಹಾಕಿದ. ಬಲೆ ಬಾನೆಟ್ ಸಮೇತ ನನ್ನ ಮೇಲೆ ಬಿತ್ತು. ಬಾನೆಟ್ ಅಡಿಯಿಂದ ನುಗ್ಗಿ ನನ್ನ ಮಡಿಲಿಗೆ ಹಾರಿದ್ದು ಮುಂಗುಸಿಯಲ್ಲ, ಗಿರಿಜೆಯ ಕೆಂಪು ಹೇಂಟೆ. ಎಲ್ಲೋ ಮರಿಯೊಂದು ಸಾಯುತ್ತಿದೆ ಎಂದು ಹಗ್ಗ ಕಿತ್ತುಕೊಂಡು, ಮೊಟ್ಟೆ ಬಿಟ್ಟು ಓಡಿ ಬಂದಿತ್ತು. ರೆಕ್ಕೆ ಬಿಚ್ಚಿ ನನ್ನನ್ನು ಮುಚ್ಚಿ, ಬಿಡಿಸಲು ಬಂದ ಯಾಕೂಬನನ್ನು ಕುಕ್ಕಿತು. ಅವನೂ ಕಾಲು ಸಿಕ್ಕಿಸಿಕೊಂಡು ಬಲೆಯೊಳಗೆ ಬಿದ್ದ.

ಆಗ ಬಂತು ಮುಂಗುಸಿ. ಓಡಿ ಅಲ್ಲ, ನಡೆದುಕೊಂಡು. ತೆರೆದ ಗೂಡಿಗೆ ಹೋಗಿ ಮೊಟ್ಟೆಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿತು. ಗೋಡೆಗೆ ಬೆನ್ನು ಹಾಕಿ, ಹಿಂಗಾಲುಗಳ ನಡುವಿನಿಂದ ಪಟ್ ಪಟ್ ಎಂದು ಎಸೆದು ಒಡೆಯಿತು. ನಾವಿಬ್ಬರು ಬಲೆಯೊಳಗಿಂದ ನೋಡುತ್ತಿದ್ದೆವು.

"ಶೀನಣ್ಣ, ಆ ನರಿ ಕೂಡ ಹೀಗೆಯೇ ಬಂದದ್ದಾ?"

"ಅದು ಮಾವನ ಹತ್ತಿರ ಬಂದದ್ದು. ನಾನು ಮರದ ಮೇಲಿದ್ದೆ."

ಯಾಕೂಬ್ ಮೂಗಿನ ಮೇಲಿನ ಬಲೆ ಸರಿಸಿದ. "ಆ ನರಿಯಿಂದಾಗಿ ನನ್ನ ಊಟ ಎಷ್ಟು ಸಲ ತಣ್ಣಗಾಗಿದೆ ಗೊತ್ತುಂಟಾ?" ಎಂದ.

ನಮ್ಮ ಬೊಬ್ಬೆ ಕೇಳಿ ಗಿರಿಜೆ ಪೊರಕೆ ಹಿಡಿದು ಓಡಿ ಬರುವಾಗ ಮುಂಗುಸಿ ಗೋಡೆ ದಾಟಿತು. ಅವಳು ಗೂಡಿಗೆ ಕೈ ಹಾಕಿ ತಡವಿದಳು. "ಎರಡು" ಎಂದಳು. ನಮ್ಮನ್ನು ಬಲೆಯಿಂದ ಬಿಡಿಸುವ ಮೊದಲು ಹೇಂಟೆಯನ್ನು ಬಿಡಿಸಿ ಆ ಎರಡರ ಮೇಲೆ ಕೂರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಕೊಂಡಿ ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?" ಎಂದಷ್ಟೇ ಕೇಳಿದಳು.

"ಹತ್ತು ನಿಮಿಷ."

ಅಂದು ಸಂಜೆಯೇ ಹಳೆಯ ಪಿಕಪ್ಪಿನ ಡೋರ್ ಲಾಕ್ ಒಂದನ್ನು ಗೂಡಿಗೆ ಕೂರಿಸಿದೆ. ಟುಬ್ಲಿಯಲ್ಲಿ ಕೀಲಿಕೈ ಇರುವ ಕೋಳಿಗೂಡು ನಮ್ಮದೊಂದೇ ಇರಬೇಕು. ಒಂಬತ್ತು ಜೀವ ಹೋದ ಮೇಲೆ ಹಾಕಿದ ಬೀಗ ಅದು. ಅದನ್ನು ನೋಡಿದಾಗಲೆಲ್ಲ ಈಗಲೂ ತಲೆ ತಗ್ಗುತ್ತದೆ.

ಎರಡು ಮೊಟ್ಟೆಯೂ ಒಡೆದು ಎರಡು ಮರಿ ಬಂದವು. ಈದ್ ದಿನ ಬಂದದ್ದು ಮೂವರು ಮಕ್ಕಳು. ದೊಡ್ಡವರಿಬ್ಬರು ಒಂದೊಂದು ಎತ್ತಿಕೊಂಡರು. ಹೊಸ ಅಂಗಿ ತೊಟ್ಟ ನೂರಾ ಗೂಡಿನೊಳಗೆ ಇಣುಕಿದಳು, ಮತ್ತೆ ಇಣುಕಿದಳು. ಶಕರ್ ಎಲ್ಲಿ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಗಿರಿಜೆಯನ್ನು ನೋಡಿದಳು. ಗಿರಿಜೆ ತನ್ನ ಅರಬಿಯನ್ನೂ ಹಿಂದಿಯನ್ನೂ ಒಟ್ಟುಗೂಡಿಸಿ, ನನ್ನತ್ತ ಬೆರಳು ಮಾಡಿ, "ತೀನ್ ನಂಬರ್ ಹಾದಾ" ಎಂದಳು. ಮೂರನೆಯದು ಇವನೇ!

ಅಜ್ಜಿ ನಕ್ಕಳು. ನೂರಾ ನಗಲಿಲ್ಲ. ಅವಳ ತುಟಿ ನಡುಗಲು ಶುರುವಾದಾಗ ನನಗೆ ಬೇರೆ ದಾರಿ ಇರಲಿಲ್ಲ. ಮಣ್ಣಿನಲ್ಲಿ ಮೊಣಕಾಲೂರಿ, ಅರವತ್ತು ದಾಟಿದ ಗಂಟಲಿನಿಂದ ಚೀಂಯ್ ಎಂದೆ. ಕೆಂಪು ಹೇಂಟೆ ಹೆತ್ತ ಮರಿಗಳೆರಡನ್ನೂ ಬಿಟ್ಟು ಓಡಿ ಬಂದು ನನ್ನ ಮೊಣಕಾಲಿನ ಮೇಲೆ ರೆಕ್ಕೆ ಹರಡಿತು. ಮಗು ಕಣ್ಣೊರೆಸಿಕೊಂಡು ನಕ್ಕಿತು.

ಅಂದಿನಿಂದ ದಿನಾ ಸಂಜೆ ಗ್ಯಾರೇಜಿನಿಂದ ಬಂದು ಕೈ ತೊಳೆಯುವಷ್ಟರಲ್ಲಿ ಗೋಡೆಯ ಆಚೆಯಿಂದ "ಶಕರ್!" ಎಂಬ ನೂರಾಳ ಕರೆ ಬರುತ್ತದೆ. "ಹೋಗಿ, ನಿಮ್ಮನ್ನೇ" ಎನ್ನುತ್ತಾಳೆ ಗಿರಿಜೆ. ಹೋಗಿ ಮೊಣಕಾಲೂರಿ ಕೂಗುತ್ತೇನೆ. ಹೇಂಟೆ ಬರುತ್ತದೆ. ಮಕ್ಕಳು ಬರುತ್ತಾರೆ. ಯಾಕೂಬ್ ಕೂಡ ಬರುತ್ತಾನೆ.

ಟ್ಯಾಂಕಿನ ಮೇಲೆ ಮುಂಗುಸಿಯೂ ಬಂದು ಕೂರುತ್ತದೆ. ಆಟ ನೋಡಲಿಕ್ಕೆ.